ಪಕ್ಕದ ಕುರ್ಚಿ: ಸ್ವಯಂಸೇವಾ ಸಂಸ್ಥೆಗಳ ನೌಕರರಿಗೆ ಕಾರ್ಮಿಕ ಸಂಘದ ಪ್ರಾತಿನಿಧ್ಯ

ಕೆಲವು ವರ್ಷಗಳ ಹಿಂದಿನ ಮಾತು. ಬೆಂಗಳೂರಿನ ಉತ್ತರ ಭಾಗದಲ್ಲಿ ಹಳೆಯ ಮನೆಯೊಂದನ್ನೇ ಕಚೇರಿ ಮಾಡಿಕೊಂಡಿದ್ದ ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಒಂಬತ್ತು ವರ್ಷ ಫೀಲ್ಡ್ ಕೋ-ಆರ್ಡಿನೇಟರ್ ಆಗಿ ದುಡಿದಿದ್ದ ನನ್ನ ಗೆಳತಿಯನ್ನು ಆಡಳಿತ ಮಂಡಳಿಯವರು ಮಾತುಕತೆಗೆ ಕರೆದಿದ್ದರು. ಪ್ರಾಜೆಕ್ಟ್ ಮುಗಿದಿದೆ, ಮುಂದಿನ ತಿಂಗಳಿನಿಂದ ಬರಬೇಕಾಗಿಲ್ಲ ಎಂಬ ಪತ್ರ ಅವಳ ಕೈ ಸೇರಿ ನಾಲ್ಕು ದಿನವಾಗಿತ್ತು. ಧೈರ್ಯಕ್ಕೆಂದು ನನ್ನನ್ನೂ ಕರೆದುಕೊಂಡು ಹೋದಳು. ಕಾರ್ಯದರ್ಶಿಗಳು ಬಾಗಿಲಲ್ಲೇ ನಗುತ್ತಾ, "ಇದು ನಮ್ಮ ಮನೆಯ ವಿಚಾರ, ಹೊರಗಿನವರು ಯಾಕೆ?" ಎಂದರು. ನಾನು ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಸ್ಟೂಲಿನಲ್ಲಿ ಕುಳಿತೆ. ತೆರೆದ ಬಾಗಿಲಿನಿಂದ ಮೇಜು ಕಾಣುತ್ತಿತ್ತು: ಆ ಬದಿಯಲ್ಲಿ ಕಾರ್ಯದರ್ಶಿ, ಲೆಕ್ಕಪತ್ರ ನೋಡುವವರು, ವೃತ್ತಿಯಿಂದ ವಕೀಲರಾಗಿದ್ದ ಒಬ್ಬ ಟ್ರಸ್ಟಿ, ಈ ಬದಿಯಲ್ಲಿ ಅವಳೊಬ್ಬಳೇ. ಅವರ ಹಿಂದಿನ ಗೋಡೆಯಲ್ಲಿ, ಗಾರ್ಮೆಂಟ್ಸ್ ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕನ್ನು ತಿಳಿಸಿಕೊಡುವ ಚಾರ್ಟು ತೂಗುತ್ತಿತ್ತು. ಪೀಣ್ಯದ ತರಬೇತಿಗಳಿಗೆ ಆ ಚಾರ್ಟನ್ನು ಸುತ್ತಿ ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದವಳು ಅವಳೇ.

ಅವಳ ಪಕ್ಕದ ಖಾಲಿ ಕುರ್ಚಿಯಲ್ಲಿ ಯಾರು ಕುಳಿತುಕೊಳ್ಳಬಹುದಿತ್ತು, ಯಾವ ಅಧಿಕಾರದಿಂದ, ಎಂಬುದೇ ಈ ಲೇಖನದ ವಿಷಯ. ಕಾರ್ಮಿಕ ಸಂಘವೆಂದರೆ ಬಾವುಟ, ಘೋಷಣೆ, ಮುಷ್ಕರ ಎಂದು ನಮ್ಮಲ್ಲಿ ಅನೇಕರು ಅಂದುಕೊಂಡಿದ್ದಾರೆ. 1980-81ರಲ್ಲಿ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ ಕಾರ್ಮಿಕರು ನಡೆಸಿದ ದೀರ್ಘ ಮುಷ್ಕರವನ್ನು ಕಂಡ ಊರಿನಲ್ಲಿ ಹಾಗೆ ಅಂದುಕೊಳ್ಳುವುದು ಸಹಜವೂ ಹೌದು. ಆದರೆ ಸಂಘದ ದಿನನಿತ್ಯದ ಕೆಲಸದಲ್ಲಿ ಬಹುಪಾಲು ಪ್ರಾತಿನಿಧ್ಯವೇ. ನೌಕರರೊಬ್ಬರ ಮೇಲೆ ವಿಚಾರಣೆ ನಡೆದಾಗ ಜೊತೆಗಿದ್ದು ಮಾತಾಡುವುದು, ಪತ್ರಕ್ಕೆ ಉತ್ತರ ಬರೆಯುವುದು, ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ಹಾಜರಾಗುವುದು ಒಂದು ಬಗೆ. ಎಲ್ಲರ ಪರವಾಗಿ ಸಂಬಳ, ರಜೆ, ಸೇವಾ ನಿಯಮಗಳ ಬಗ್ಗೆ ಆಡಳಿತದೊಂದಿಗೆ ಚೌಕಾಸಿ ಮಾಡಿ ಲಿಖಿತ ಒಪ್ಪಂದಕ್ಕೆ ಬರುವುದು ಇನ್ನೊಂದು ಬಗೆ. ಮೊದಲನೆಯದು ಇಲ್ಲದ ಕಡೆ ಎರಡನೆಯದು ಬಾಳುವುದಿಲ್ಲ. ಒಬ್ಬರ ಕಷ್ಟಕ್ಕೆ ಬಾರದ ಸಂಘಕ್ಕೆ ಯಾರೂ ಚಂದಾ ಕೊಡುವುದಿಲ್ಲ.

ಸ್ವಯಂಸೇವಾ ಕ್ಷೇತ್ರದಲ್ಲಿ ಈ ಎರಡೂ ಅಪರೂಪ. ಅದಕ್ಕೆ ಕಾರಣವನ್ನು ಕಾನೂನಿಗಿಂತ ಮೊದಲು ಅಲ್ಲಿನ ಭಾಷೆಯಲ್ಲಿ ಹುಡುಕಬೇಕು. ಅಲ್ಲಿ ನೌಕರರಿಲ್ಲ, ಕಾರ್ಯಕರ್ತರಿದ್ದಾರೆ, ಸಂಬಳವಿಲ್ಲ, ಗೌರವಧನವಿದೆ, ಮಾಲೀಕರಿಲ್ಲ, ಸಂಚಾಲಕರಿದ್ದಾರೆ, ಒಟ್ಟಾರೆ ಎಲ್ಲರೂ ಒಂದು ಕುಟುಂಬ. ಈ ಮಾತುಗಳೆಲ್ಲ ಬೂಟಾಟಿಕೆಯೆಂದು ನಾನು ಹೇಳಲಾರೆ. ತಾವೇ ಮೂರು ತಿಂಗಳು ಸಂಬಳವಿಲ್ಲದೆ ಕಳೆದು ಫೀಲ್ಡಿನವರಿಗೆ ಮೊದಲು ಕೊಟ್ಟ ನಿರ್ದೇಶಕರನ್ನೂ ನೋಡಿದ್ದೇನೆ. ಆದರೆ ಆ ಭಾಷೆಯ ಬೆನ್ನಿಗೇ ಕಾಗದಪತ್ರಗಳ ಇನ್ನೊಂದು ಲೋಕವಿದೆ. ಹನ್ನೊಂದು ತಿಂಗಳ ಒಪ್ಪಂದ, ನಡುವೆ ಕೆಲವು ದಿನಗಳ ಬಿಡುವು, ಮತ್ತೆ ಹನ್ನೊಂದು ತಿಂಗಳು. ನನ್ನ ಗೆಳತಿ ಮೊದಲ ಆರು ವರ್ಷ ಸಂಬಳದ ಪಟ್ಟಿಯಲ್ಲಿದ್ದಳು; ಕೊನೆಯ ಮೂರು ವರ್ಷ ಅದೇ ಮೇಜು, ಅದೇ ಫೀಲ್ಡ್, ಅದೇ ಹಾಜರಿ ಪುಸ್ತಕವಿದ್ದರೂ ಕಾಗದದಲ್ಲಿ ಕನ್ಸಲ್ಟೆಂಟ್ ಆಗಿದ್ದಳು. ಆ ಬದಲಾವಣೆ ಅವಳ ಗಮನಕ್ಕೆ ಬಂದದ್ದೇ ವರ್ಷದ ಕೊನೆಯಲ್ಲಿ ಸಂಬಳದಾರರಿಗೆ ಸಿಗುವ ಫಾರಂ 16ರ ಬದಲು ವೃತ್ತಿಪರರ ಶುಲ್ಕದ ಮೇಲೆ ಶೇಕಡಾ 10ರಷ್ಟು ತೆರಿಗೆ ಹಿಡಿದ ಫಾರಂ 16ಎ ಕೈಗೆ ಬಂದಾಗ. ಪಿಎಫ್ ಕೂಡ ಅಲ್ಲಿಗೇ ನಿಂತಿತ್ತು.

ಇನ್ನು ಕಾನೂನಿಗೆ ಬರೋಣ. ದತ್ತಿ ಸಂಸ್ಥೆಗಳ ನೌಕರರನ್ನು ಕಾರ್ಮಿಕ ಕಾನೂನಿನ ಒಳಗೆ ತಂದ ತೀರ್ಪು ಹುಟ್ಟಿದ್ದು ಬೆಂಗಳೂರಿನಲ್ಲೇ, ಅದೂ ನಾವು ಪ್ರತಿ ತಿಂಗಳು ನೀರಿನ ಬಿಲ್ಲು ಕಟ್ಟುವ ಜಲಮಂಡಳಿಯ ವ್ಯಾಜ್ಯದಿಂದ. ದುರ್ನಡತೆಯ ಆರೋಪದ ಮೇಲೆ ಮಂಡಳಿ ಕೆಲವು ನೌಕರರಿಗೆ ದಂಡ ವಿಧಿಸಿ ಹಣ ವಸೂಲಿ ಮಾಡಿತ್ತು. ಆ ಹಣಕ್ಕಾಗಿ ಅವರು 1947ರ ಕೈಗಾರಿಕಾ ವಿವಾದ ಕಾಯ್ದೆಯಡಿ ಅರ್ಜಿ ಹಾಕಿದರು. ತಾನು ಜನರಿಗೆ ಮೂಲಸೌಕರ್ಯ ಒದಗಿಸುವ ಶಾಸನಬದ್ಧ ಸಂಸ್ಥೆ, 'ಉದ್ಯಮ' ಅಲ್ಲ, ಆದ್ದರಿಂದ ಆ ಕಾಯ್ದೆ ತನಗೆ ಅನ್ವಯಿಸದು ಎಂಬುದು ಮಂಡಳಿಯ ವಾದ. ಮೊತ್ತ ಚಿಕ್ಕದು; ಪ್ರಶ್ನೆ ಮಾತ್ರ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದವರೆಗೆ ಬೆಳೆಯಿತು. 1978ರ ಫೆಬ್ರವರಿ 21ರಂದು ಬಂದ, 'ಬೆಂಗಳೂರು ಜಲಮಂಡಳಿ ವಿರುದ್ಧ ಎ. ರಾಜಪ್ಪ' ಎಂದೇ ಪ್ರಸಿದ್ಧವಾದ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಮೂರು ಅಂಶಗಳ ಒರೆಗಲ್ಲನ್ನು ಕೊಟ್ಟರು: ಚಟುವಟಿಕೆ ವ್ಯವಸ್ಥಿತವಾಗಿರಬೇಕು, ಅದು ಮಾಲೀಕ ಮತ್ತು ನೌಕರರ ಸಹಕಾರದಿಂದ ನಡೆಯಬೇಕು, ಮನುಷ್ಯರ ಅಗತ್ಯಗಳನ್ನು ಪೂರೈಸುವ ಸರಕು ಅಥವಾ ಸೇವೆಯನ್ನು ಒದಗಿಸಬೇಕು. ಈ ಮೂರೂ ಇದ್ದಲ್ಲಿ ಅದು ಉದ್ಯಮ. ಲಾಭದ ಉದ್ದೇಶ ಇದೆಯೋ ಇಲ್ಲವೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ.

ದತ್ತಿ ಸಂಸ್ಥೆಗಳ ಬಗ್ಗೆ ಆ ತೀರ್ಪು ಹೇಳುವ ಮಾತು ಇಂದಿಗೂ ಓದಬೇಕಾದದ್ದು. ಅಯ್ಯರ್ ಅವರು ಅವನ್ನು ಮೂರು ಬಗೆಯಾಗಿ ವಿಂಗಡಿಸಿದರು. ಒಂದು, ವ್ಯಾಪಾರ ಮಾಡಿ ಲಾಭ ಗಳಿಸಿ ಆ ಲಾಭವನ್ನು ಪರೋಪಕಾರಕ್ಕೆ ಬಳಸುವವು. ಎರಡು, ಲಾಭ ಮಾಡದೆ ಬೇರೆ ಯಾವುದೇ ಸಂಸ್ಥೆಯಂತೆ ಸಂಬಳಕ್ಕೆ ಜನರನ್ನಿಟ್ಟುಕೊಂಡು, ತಯಾರಾದ ಸರಕನ್ನೋ ಸೇವೆಯನ್ನೋ ಬಡವರಿಗೆ ಉಚಿತವಾಗಿ ಅಥವಾ ಕಡಿಮೆ ಬೆಲೆಗೆ ಕೊಡುವವು. ಮೂರು, ಸಂಬಳಕ್ಕಲ್ಲದೆ ಧ್ಯೇಯಕ್ಕಾಗಿಯೇ ಜನ ಬಂದು ದುಡಿಯುವ ಆಶ್ರಮದಂಥವು. ಅಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಕೂಲಿಯವರಿದ್ದರೂ ಒಟ್ಟು ಸ್ವರೂಪ ಬದಲಾಗದು. ಮೊದಲೆರಡು ಉದ್ಯಮ, ಮೂರನೆಯದು ಅಲ್ಲ. ಇದರ ಹಿಂದಿನ ತರ್ಕ ಸರಳ. ದಾನ ಮಾಡುತ್ತಿರುವುದು ಸಂಸ್ಥೆ. ಅದರ ಪುಣ್ಯ ಫಲಾನುಭವಿಗೆ ತಲುಪುತ್ತದೆ. ಅಲ್ಲಿ ಅಡುಗೆ ಮಾಡುವ, ವಾಹನ ಓಡಿಸುವ, ಸಮೀಕ್ಷೆ ಬರೆಯುವ ವ್ಯಕ್ತಿಗೆ ಸಂಸ್ಥೆ ದಾನ ಮಾಡುತ್ತಿಲ್ಲ, ಅವರಿಂದ ಕೆಲಸ ಮಾಡಿಸಿಕೊಳ್ಳುತ್ತಿದೆ. ಇಂದು ಬೆಂಗಳೂರಿನ ನೂರಾರು ಸಂಸ್ಥೆಗಳು ಎರಡನೆಯ ಬಗೆಗೆ ಸೇರುವಂಥವು, ಆದರೆ ತಮ್ಮನ್ನು ವರ್ಣಿಸಿಕೊಳ್ಳುವಾಗ ಮೂರನೆಯದರ ಮಾತುಗಳನ್ನು ಬಳಸುತ್ತವೆ ಎಂಬುದು ನನ್ನ ಅನಿಸಿಕೆ.

ಈ ವ್ಯಾಪಕ ವ್ಯಾಖ್ಯೆ ಸರ್ಕಾರಗಳಿಗೆ ಎಂದೂ ಹಿಡಿಸಲಿಲ್ಲ. ದತ್ತಿ, ಸಾಮಾಜಿಕ ಹಾಗೂ ಪರೋಪಕಾರಿ ಸೇವೆಯ ಸಂಸ್ಥೆಗಳನ್ನು ಹೊರಗಿಡುವ ತಿದ್ದುಪಡಿಯನ್ನು ಸಂಸತ್ತು 1982ರಲ್ಲೇ ಅಂಗೀಕರಿಸಿತು, ಆದರೆ ಆ ಒಂದು ಕಲಮನ್ನು ಜಾರಿಗೆ ತರಲೇ ಇಲ್ಲ. ಇತ್ತ ನ್ಯಾಯಾಲಯದಲ್ಲೂ ತೀರ್ಪಿನ ಬಗ್ಗೆ ಸಂದೇಹಗಳೆದ್ದು, 2005ರಲ್ಲಿ ಐವರ ಪೀಠ ಅದರ ಮರುಪರಿಶೀಲನೆ ಬೇಕೆಂದಿತು. 2017ರಲ್ಲಿ ಪ್ರಶ್ನೆಯನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು. ಅಷ್ಟರಲ್ಲಿ ಶಾಸನವೇ ಬದಲಾಯಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದು, 1926ರ ಕಾರ್ಮಿಕ ಸಂಘಗಳ ಕಾಯ್ದೆಯನ್ನೂ 1947ರ ವಿವಾದ ಕಾಯ್ದೆಯನ್ನೂ ತನ್ನೊಳಗೆ ಕರಗಿಸಿಕೊಂಡಿತು. ಅದರ ಉದ್ಯಮದ ವ್ಯಾಖ್ಯೆಯಲ್ಲಿ ಜಲಮಂಡಳಿ ತೀರ್ಪಿನ ಪದಗಳು ಬಹುಮಟ್ಟಿಗೆ ಹಾಗೆಯೇ ಇವೆ. ಲಾಭದ ಉದ್ದೇಶ ಅಗತ್ಯವಿಲ್ಲ ಎಂಬ ಮಾತೂ ಇದೆ. ಆದರೆ ಬೆನ್ನಿಗೇ ಹೊರತುಗಳ ಪಟ್ಟಿ ಬರುತ್ತದೆ, ಅದರಲ್ಲಿ ಮೊದಲನೆಯದೇ, ಪೂರ್ಣವಾಗಿ ಅಥವಾ ಗಣನೀಯವಾಗಿ ದತ್ತಿ, ಸಾಮಾಜಿಕ ಅಥವಾ ಪರೋಪಕಾರಿ ಸೇವೆಯಲ್ಲಿ ತೊಡಗಿರುವ ಸಂಘಟನೆಗಳು ಒಡೆತನ ಅಥವಾ ನಿರ್ವಹಣೆ ಹೊಂದಿರುವ ಸಂಸ್ಥೆಗಳು. 1982ರಲ್ಲಿ ಬರೆದಿಟ್ಟು ಬಳಸದೆ ಬಿಟ್ಟಿದ್ದ ವಾಕ್ಯ ನಾಲ್ಕು ದಶಕಗಳ ನಂತರ ಜೀವ ಪಡೆಯಿತು.

ಇದರಿಂದ ಆಗುವ ನಷ್ಟವನ್ನು ಸ್ಪಷ್ಟವಾಗಿ ತಿಳಿಯಬೇಕು. ಕೆಲಸದಿಂದ ತೆಗೆಯುವಾಗ ಒಂದು ತಿಂಗಳ ನೋಟಿಸು ಮತ್ತು ಪ್ರತಿ ಪೂರ್ಣ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನದ ಪರಿಹಾರ, ಸಂಧಾನಾಧಿಕಾರಿಯ ಮುಂದಿನ ಮಾತುಕತೆ, ನ್ಯಾಯಮಂಡಳಿಗೆ ಹೋಗುವ ದಾರಿ, 20 ಅಥವಾ ಹೆಚ್ಚು ಕಾರ್ಮಿಕರಿದ್ದಲ್ಲಿ ಇರಲೇಬೇಕಾದ ಕುಂದುಕೊರತೆ ಸಮಿತಿ, ಶೇಕಡಾ 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘಕ್ಕೆ ಸಿಗುವ ಏಕೈಕ ಮಾತುಕತೆಯ ಸಂಘವೆಂಬ ಮನ್ನಣೆ, ಇವೆಲ್ಲವೂ 'ಉದ್ಯಮ' ಎಂಬ ಹೊಸ್ತಿಲನ್ನು ದಾಟಿದವರಿಗೆ. ಹೊಸ್ತಿಲಾಚೆ ಉಳಿದವರಿಗೆ ಸಂಘದ ನೋಂದಣಿಯ ಹಂತದಲ್ಲೇ ಆಕ್ಷೇಪಣೆ ಎದುರಾಗಬಹುದು. ಹಾಗೆಂದು ಹಳೆಯ ಕಾಯ್ದೆಯ ಕಾಲ ಸುವರ್ಣಯುಗವೇನೂ ಆಗಿರಲಿಲ್ಲ. ಒಪ್ಪಂದದ ಅವಧಿ ಮುಗಿದು ನವೀಕರಣವಾಗದಿದ್ದರೆ ಅದನ್ನು ಸಿಬ್ಬಂದಿ ಕಡಿತ ಎಂದು ಕರೆಯಲಾಗದು ಎಂಬ ಕಲಮು 1984ರಿಂದಲೇ ಇತ್ತು. ಶಾಲೆ ಉದ್ಯಮವಾದರೂ ಅಲ್ಲಿನ ಶಿಕ್ಷಕರು 'ಕಾರ್ಮಿಕ'ರಲ್ಲ ಎಂದು ಗೋವಾದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1988ರಲ್ಲಿ ಹೇಳಿತ್ತು, ಆದ್ದರಿಂದ ಎನ್‌ಜಿಒ ಶಾಲೆಗಳಲ್ಲಿ ಕಲಿಸುವವರು ಆಗಲೂ ಹೊರಗೇ ಇದ್ದರು.

ಹೊಸ ಸಂಹಿತೆಯಡಿ ಮುಂದಿನ ವಾದಗಳೆಲ್ಲ ಒಂದು ಪದದ ಸುತ್ತ ನಡೆಯುತ್ತವೆಂದು ನನಗೆ ತೋರುತ್ತದೆ: 'ಗಣನೀಯವಾಗಿ'. ಕಂಪನಿಗಳಿಂದ ಶುಲ್ಕ ಪಡೆದು ಯುವಕರಿಗೆ ಕೌಶಲ ತರಬೇತಿ ಕೊಡುವ ಟ್ರಸ್ಟು, ಸರ್ಕಾರದ ಸಮೀಕ್ಷೆಯನ್ನು ಟೆಂಡರಿನಲ್ಲಿ ಹಿಡಿದು ಮಾಡಿಕೊಡುವ ಸೊಸೈಟಿ, ಕರಕುಶಲ ವಸ್ತುಗಳ ಮಳಿಗೆ ನಡೆಸುವ ಲಾಭರಹಿತ ಕಂಪನಿ, ಇವು ಎಷ್ಟರ ಮಟ್ಟಿಗೆ ದತ್ತಿ? ಇದು ನೋಂದಣಿ ಪತ್ರ ನೋಡಿ ತೀರ್ಮಾನಿಸುವ ಸಂಗತಿಯಲ್ಲ, ಲೆಕ್ಕಪತ್ರ ನೋಡಿ ತೀರ್ಮಾನಿಸಬೇಕಾದದ್ದು. ವಾರ್ಷಿಕ ವರದಿಯ ಆದಾಯದ ಪುಟವನ್ನು ಜೋಪಾನವಾಗಿ ಎತ್ತಿಟ್ಟುಕೊಳ್ಳಿ ಎಂದು ಈ ಕ್ಷೇತ್ರದ ಗೆಳೆಯರಿಗೆ ನಾನು ಹೇಳುವುದು ಅದಕ್ಕೇ.

ಹೊಸ್ತಿಲಾಚೆಯೂ ಬರಿಗೈಯೇನಲ್ಲ. ಸಂಘ ಕಟ್ಟಿಕೊಳ್ಳುವ ಸ್ವಾತಂತ್ರ್ಯ ಬಂದಿರುವುದು ಯಾವ ಸಂಹಿತೆಯಿಂದಲೂ ಅಲ್ಲ, ಸಂವಿಧಾನದ 19(1)(ಸಿ) ವಿಧಿಯಿಂದ. ಅಲ್ಲಿ ಉದ್ಯಮದ ಪ್ರಶ್ನೆಯಿಲ್ಲ. ಆದರೆ ಆ ಸ್ವಾತಂತ್ರ್ಯದ ಜೊತೆಗೆ ಪರಿಣಾಮಕಾರಿ ಚೌಕಾಸಿಯ ಹಕ್ಕಾಗಲಿ ಮುಷ್ಕರದ ಹಕ್ಕಾಗಲಿ ತಾನಾಗಿ ಬರುವುದಿಲ್ಲ ಎಂದು ಬ್ಯಾಂಕ್ ನೌಕರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1960ರ ದಶಕದ ಆರಂಭದಲ್ಲೇ ತಿಳಿಸಿದೆ. ಅಂದರೆ ಸಂಘ ಇರಬಹುದು. ಆಡಳಿತ ಅದರೊಡನೆ ಮಾತಾಡಲೇಬೇಕೆಂಬ ಕಟ್ಟುಪಾಡಿಲ್ಲ. ಬ್ರಿಟನ್ನಿನಲ್ಲಿ ಇದು ಬೇರೆಯೇ ರೀತಿ. ಯುನೈಟ್ ಎಂಬ ದೊಡ್ಡ ಕಾರ್ಮಿಕ ಸಂಘದಲ್ಲಿ ಸಮುದಾಯ ಮತ್ತು ಲಾಭರಹಿತ ಕ್ಷೇತ್ರದವರಿಗೆಂದೇ ಒಂದು ವಿಭಾಗವಿದೆ; ಅಲ್ಲದೆ ಅಲ್ಲಿನ 1999ರ ಕಾಯ್ದೆಯಂತೆ, ಶಿಸ್ತು ವಿಚಾರಣೆಗೆ ಕರೆಸಿಕೊಂಡ ನೌಕರರು ಸಹೋದ್ಯೋಗಿಯನ್ನೋ ಸಂಘದ ಪ್ರತಿನಿಧಿಯನ್ನೋ ಜೊತೆಗೆ ಕರೆದೊಯ್ಯಬಹುದು, ಆಡಳಿತ ಆ ಸಂಘವನ್ನು ಮಾನ್ಯ ಮಾಡಿರದಿದ್ದರೂ ಸರಿ. ಚಪ್ಪಲಿ ಸ್ಟ್ಯಾಂಡಿನ ಬಳಿ ಕುಳಿತಿದ್ದಾಗ ನನಗೆ ಆ ಕಾಯ್ದೆಯ ವಿಷಯ ಗೊತ್ತಿರಲಿಲ್ಲ.

ನಮ್ಮಲ್ಲಿ ನೆರವಿಗೆ ಬರುವುದು ಬೇರೆ ಪ್ರಶ್ನೆ ಕೇಳುವ ಕಾನೂನುಗಳು. 'ನೀವು ಉದ್ಯಮವೇ?' ಎಂದು ಕೇಳದೆ 'ನಿಮ್ಮಲ್ಲಿ ಎಷ್ಟು ಮಂದಿ ಕೆಲಸ ಮಾಡುತ್ತಾರೆ?' ಎಂದು ಕೇಳುವ ಕಾನೂನುಗಳವು. ಹತ್ತು ಮಂದಿಯಿದ್ದಲ್ಲಿ ಗ್ರಾಚ್ಯುಟಿ, ಎಂದರೆ ಕೆಲಸ ಬಿಡುವಾಗ ದುಡಿದ ವರ್ಷಗಳ ಲೆಕ್ಕದಲ್ಲಿ ಸಿಗುವ ಹಣ; 20 ಮಂದಿಯಿದ್ದಲ್ಲಿ ಪಿಎಫ್. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ನಿಗದಿತ ಅವಧಿಯ ಉದ್ಯೋಗಿಗೆ ಗ್ರಾಚ್ಯುಟಿಗಾಗಿ ಐದು ವರ್ಷ ಕಾಯಬೇಕಾಗಿಲ್ಲ, ಒಂದು ವರ್ಷ ಸಾಕು. ಹನ್ನೊಂದು ತಿಂಗಳ ಒಪ್ಪಂದದ ಚಮತ್ಕಾರ ಇಲ್ಲಿ ಇನ್ನಷ್ಟು ಚೆನ್ನಾಗಿ ಅರ್ಥವಾಗುತ್ತದೆ. ಕೆಲಸ ಬಿಟ್ಟವರಿಗೂ ಬಿಡಿಸಲ್ಪಟ್ಟವರಿಗೂ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಪಾವತಿಯಾಗಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಮುಖ್ಯವಾಗಿ ಕಚೇರಿ ಕೆಲಸ ನಡೆಯುವ ಸಂಸ್ಥೆಗಳನ್ನೂ ಒಳಗೊಳ್ಳುವ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಮಿನ ಪ್ರಕಾರ, ಆರು ತಿಂಗಳು ಸತತ ಸೇವೆ ಸಲ್ಲಿಸಿದವರನ್ನು ಸಮಂಜಸ ಕಾರಣವಿಲ್ಲದೆ ಮತ್ತು ಒಂದು ತಿಂಗಳ ನೋಟಿಸು ಅಥವಾ ಅದರ ಬದಲಿನ ವೇತನವಿಲ್ಲದೆ ತೆಗೆಯುವಂತಿಲ್ಲ. ಇವೆಲ್ಲಕ್ಕಿಂತ ಕುತೂಹಲಕರವಾದದ್ದು ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ. ಅದು ಟ್ರಸ್ಟು, ಸೊಸೈಟಿ, ಸರ್ಕಾರೇತರ ಸಂಸ್ಥೆಗಳನ್ನು ಹೆಸರಿಟ್ಟೇ ಸೇರಿಸುತ್ತದೆ, ಸಂಬಳವಿಲ್ಲದೆ ಸ್ವಯಂಪ್ರೇರಣೆಯಿಂದ ದುಡಿಯುವವರನ್ನೂ 'ಉದ್ಯೋಗಿ' ಎಂದೇ ಎಣಿಸುತ್ತದೆ. ಒಂದೇ ಪ್ರಭುತ್ವ ಒಂದು ಕಾಯ್ದೆಯಲ್ಲಿ ಕಾಣುವ ವ್ಯಕ್ತಿಯನ್ನು ಇನ್ನೊಂದರಲ್ಲಿ ಕಾಣದಂತಿರುತ್ತದೆ.

ಸ್ಥಾನಮಾನ ಸಿಗುವ ಮೊದಲೇ ಪ್ರಾತಿನಿಧ್ಯ ಕಟ್ಟಿಕೊಂಡವರು ನಮ್ಮ ಊರಿನಲ್ಲೇ ಇದ್ದಾರೆ. ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆ ಹೊಂದಿದವರಲ್ಲ ಎಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿದ್ದು ಕರ್ನಾಟಕದ ಪ್ರಕರಣದಲ್ಲೇ. ಅವರು ಸಂಘ ಬಿಡಲಿಲ್ಲ. 2017ರ ಮಾರ್ಚಿನಲ್ಲಿ ಸಾವಿರಾರು ಮಂದಿ ಬೆಂಗಳೂರಿನ ರಸ್ತೆಯಲ್ಲೇ ರಾತ್ರಿ ಕಳೆದರು. 2022ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ, ಗೌರವಧನ ಎಂದು ಕರೆದರೂ ಅದು ವೇತನವೇ, ಅವರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂದಿತು. ಆಶಾ ಕಾರ್ಯಕರ್ತೆಯರನ್ನು ಸರ್ಕಾರ ಇಂದಿಗೂ ಸ್ವಯಂಸೇವಕಿಯರೆಂದೇ ಕರೆಯುತ್ತದೆ. 2025ರ ಜನವರಿಯ ಚಳಿಯಲ್ಲಿ ಅವರು ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಕುಳಿತ ಮೇಲೆ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಮುಖ್ಯಮಂತ್ರಿಗಳಿಂದಲೇ ಬಂತು. ಅವರಿಗಿದ್ದ ಬಲವೆಂದರೆ ಸಂಖ್ಯೆ, ಮತ್ತು ಎದುರಿಗಿದ್ದ ಮಾಲೀಕ ಒಬ್ಬನೇ ಎಂಬುದು. ಎನ್‌ಜಿಒ ನೌಕರರಿಗೆ ಈ ಎರಡೂ ಇಲ್ಲ. ಒಂದು ಕಚೇರಿಯಲ್ಲಿ ಎಂಟು ಮಂದಿ, ಇನ್ನೊಂದರಲ್ಲಿ ಹದಿನಾಲ್ಕು ಮಂದಿ; ಅದರಲ್ಲೂ ಅರ್ಧದಷ್ಟು ಜನ ಮುಂದಿನ ಮಾರ್ಚಿಗೆ ಇರುತ್ತಾರೋ ಇಲ್ಲವೋ.

ಆದ್ದರಿಂದ ಒಂದೊಂದು ಸಂಸ್ಥೆಗೆ ಒಂದೊಂದು ಸಂಘ ಎಂಬ ಕಾರ್ಖಾನೆಯ ಮಾದರಿ ಇಲ್ಲಿ ಕೂಡಿಬರದು; ಊರಿಡೀ ಕ್ಷೇತ್ರಕ್ಕೆ ಒಂದು ಸಂಘ ಬೇಕು, ಇಲ್ಲವೇ ಈಗಾಗಲೇ ಇರುವ ಸಾಮಾನ್ಯ ಕಾರ್ಮಿಕ ಸಂಘವೊಂದರಲ್ಲಿ ಸದಸ್ಯತ್ವ ಪಡೆಯಬೇಕು. ನೋಂದಣಿಗೆ ಕನಿಷ್ಠ ಏಳು ಮಂದಿ ಅರ್ಜಿದಾರರು ಬೇಕು, ಸದಸ್ಯರ ಸಂಖ್ಯೆ ಆ ಸಂಸ್ಥೆಯ ಅಥವಾ ಕ್ಷೇತ್ರದ ಕಾರ್ಮಿಕರ ಶೇಕಡಾ 10 ಅಥವಾ 100, ಯಾವುದು ಕಡಿಮೆಯೋ ಅಷ್ಟಿರಬೇಕು. ಹತ್ತಾರು ಕಚೇರಿಗಳಿಂದ ಸೇರಿ ನೂರು ಮಂದಿಯಾಗುವುದು ಬೆಂಗಳೂರಿನಲ್ಲಿ ಅಸಾಧ್ಯವೇನಲ್ಲ. ಐಟಿಯವರಿಗೆ ಯೂನಿಯನ್ನೇ ಎಂದು ನಗುತ್ತಿದ್ದ ಊರಿನಲ್ಲಿ 2017ರಲ್ಲಿ ಕರ್ನಾಟಕ ರಾಜ್ಯ ಐಟಿ ನೌಕರರ ಸಂಘ ಹುಟ್ಟಿದ್ದು ಹೀಗೆಯೇ, ಕಂಪನಿಗಳ ಗಡಿ ದಾಟಿ. ಸಂಘದ ನೋಂದಣಿಗೆ ಅಡ್ಡಿಯಾದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸೊಸೈಟಿಯಾಗಿ ನಿಲ್ಲಬಹುದು. ಆದರೆ ಕಾರ್ಮಿಕ ಸಂಘದ ಪದಾಧಿಕಾರಿಗಳಿಗೆ ಒಳಸಂಚಿನ ಮೊಕದ್ದಮೆಯಿಂದಲೂ ಕೆಲವು ಸಿವಿಲ್ ದಾವೆಗಳಿಂದಲೂ ಸಿಗುವ ರಕ್ಷಣೆ ಸೊಸೈಟಿಗೆ ಸಿಗದು.

ಚೌಕಾಸಿಗೆ ಕುಳಿತರೂ ಎದುರಿಗಿರುವವರ ಬಳಿ ಹಣವಿದೆಯೇ ಎಂಬುದು ಬಹುಶಃ ಈ ಕ್ಷೇತ್ರದ ಅತ್ಯಂತ ಕಠಿಣ ಗಂಟು. ಹಣ ಫಂಡರ್ ಕೈಯಲ್ಲಿದೆ, ಫಂಡರ್ ಮೇಜಿನ ಬಳಿಯೇ ಇಲ್ಲ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿ, ವಿದೇಶಿ ಹಣದಲ್ಲಿ ಆಡಳಿತ ವೆಚ್ಚಕ್ಕೆ ಇದ್ದ ಶೇಕಡಾ 50ರ ಮಿತಿಯನ್ನು 20ಕ್ಕೆ ಇಳಿಸಿತು, ಒಂದು ಸಂಸ್ಥೆ ತನ್ನ ವಿದೇಶಿ ಹಣವನ್ನು ಇನ್ನೊಂದಕ್ಕೆ ದಾಟಿಸುವುದನ್ನು ನಿಷೇಧಿಸಿತು. ದೊಡ್ಡ ಸಂಸ್ಥೆಗಳಿಂದ ಹಣ ಪಡೆದು ನಡೆಯುತ್ತಿದ್ದ ಚಿಕ್ಕ ಸಂಸ್ಥೆಗಳ ನೌಕರರ ಮೇಲೆ ಅದರ ಪೆಟ್ಟು ಬಿತ್ತು. 'ಶೇಕಡಾ 20ರ ಮಿತಿಯಿದೆ, ಸಂಬಳ ಏರಿಸಲಾಗದು' ಎಂಬ ಉತ್ತರ ಅಂದಿನಿಂದ ಸಿದ್ಧವಾಗಿಯೇ ಇರುತ್ತದೆ. ಆದರೆ ಅದೇ ಕಾಯ್ದೆಯ ನಿಯಮಗಳನ್ನು ಓದಿದರೆ, ಆಸ್ಪತ್ರೆಯ ವೈದ್ಯರ, ಶಾಲೆಯ ಶಿಕ್ಷಕರ ಸಂಬಳದಂತೆ ಸಂಸ್ಥೆಯ ಉದ್ದೇಶಕ್ಕೆ ನೇರವಾಗಿ ತಗಲುವ ವೆಚ್ಚ ಆಡಳಿತ ವೆಚ್ಚದಲ್ಲಿ ಸೇರುವುದಿಲ್ಲ ಎಂದಿದೆ. ಇದನ್ನು ಓದಿ ಮೇಜಿನ ಮೇಲಿಡುವುದು ಒಬ್ಬಂಟಿ ನೌಕರನಿಂದ ಆಗದ ಕೆಲಸ, ಸಂಘದಿಂದ ಆಗುವ ಕೆಲಸ. ಸಂಬಳದ ಮೊತ್ತಕ್ಕಿಂತ ಮೊದಲು ಚೌಕಾಸಿ ಮಾಡಬೇಕಾದದ್ದು ಪ್ರಸ್ತಾವನೆಯ ಬಜೆಟ್ಟಿನ ಬಗ್ಗೆ ಎಂದು ನಾನು ನಂಬಿದ್ದೇನೆ. ಫಂಡರಿಗೆ ಕಳುಹಿಸುವ ಪ್ರತಿ ಬಜೆಟ್ಟಿನಲ್ಲೂ ಗ್ರಾಚ್ಯುಟಿಗೆ, ನೋಟಿಸು ವೇತನಕ್ಕೆ, ಪಿಎಫ್‌ನ ಮಾಲೀಕರ ಪಾಲಿಗೆ ಒಂದೊಂದು ಸಾಲು ಇರಲೇಬೇಕೆಂದು ನೌಕರರು ಒಪ್ಪಂದ ಮಾಡಿಕೊಂಡರೆ, 'ಪ್ರಾಜೆಕ್ಟ್ ಮುಗಿಯಿತು, ಹಣವಿಲ್ಲ' ಎಂಬ ಮಾತು ಅಷ್ಟು ಸುಲಭವಾಗಿ ಬಾಯಿಗೆ ಬರದು. ನಿರ್ದೇಶಕರಿಗೂ ಇದು ಅನುಕೂಲವೇ; ಅಂಥ ಸಾಲುಗಳನ್ನು ಫಂಡರ್ ಹೊಡೆದುಹಾಕಿದಾಗ ತೋರಿಸಲು ಅವರ ಕೈಯಲ್ಲೊಂದು ಒಪ್ಪಂದವಿರುತ್ತದೆ.

ಗೆಳತಿಯ ವಿಷಯ ಅರ್ಧಕ್ಕೇ ನಿಂತಿತ್ತು. ಆ ಸಭೆಯ ನಂತರ ಅವಳು ಸಾಮಾನ್ಯ ಕಾರ್ಮಿಕ ಸಂಘವೊಂದಕ್ಕೆ ಚಂದಾ ಕಟ್ಟಿ ಸದಸ್ಯೆಯಾದಳು. ಸಂಘದ ಪದಾಧಿಕಾರಿ, ನಿವೃತ್ತ ಕಾರ್ಖಾನೆ ನೌಕರರು, ಸಂಸ್ಥೆಗೆ ಪತ್ರ ಬರೆದರು. 'ನಾವು ದತ್ತಿ ಸಂಸ್ಥೆ, ಉದ್ಯಮವಲ್ಲ' ಎಂದು ವಕೀಲ ಟ್ರಸ್ಟಿಗಳಿಂದ ಉತ್ತರ ಬಂತು. ಅದಕ್ಕೆ ಇವರು ಎರಡೇ ಸಾಲಿನಲ್ಲಿ, ಗ್ರಾಚ್ಯುಟಿ ಕಾಯ್ದೆ ಉದ್ಯಮವನ್ನು ಕೇಳುವುದಿಲ್ಲ, ಹತ್ತು ಮಂದಿಯನ್ನು ಕೇಳುತ್ತದೆ, ಹಾಜರಿ ಪುಸ್ತಕದ ಪ್ರತಿ ಕಳುಹಿಸಿ ಎಂದು ಬರೆದರು. ಎರಡನೆಯ ಸಭೆಯಲ್ಲಿ ಅವಳ ಪಕ್ಕದ ಕುರ್ಚಿಯಲ್ಲಿ ಅವರಿದ್ದರು. ಕೊನೆಯ ಮೂಲವೇತನ 26,000 ರೂಪಾಯಿ. 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 15,000. ಸಂಸ್ಥೆಯ ಪ್ರಕಾರ ಆರು ವರ್ಷ, ಎಂದರೆ 90,000. ಸಂಘದ ಪ್ರಕಾರ ಒಂಬತ್ತು ವರ್ಷ, ಎಂದರೆ 1,35,000. ಕನ್ಸಲ್ಟೆಂಟ್ ಎಂದು ಕರೆದ ಮೂರು ವರ್ಷಗಳ ಹಾಜರಿಯನ್ನು ಅವರು ತಿಂಗಳು ತಿಂಗಳಾಗಿ ಓದಿ ಹೇಳುತ್ತಾ ಹೋದರು. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದ ತನಕ ಹೋಗುವುದು ಬೇಡವೆಂದು ಕಾರ್ಯದರ್ಶಿಗಳೇ ಕೊನೆಗೆ ಹೇಳಿದರು. ಗ್ರಾಚ್ಯುಟಿಗೆ ನಮ್ಮ ಸರ್ಕಾರಿ ಕನ್ನಡದಲ್ಲಿ 'ಉಪದಾನ' ಎನ್ನುತ್ತಾರೆ, ಗಳಿಸಿದ ಹಣದ ಹೆಸರಿನಲ್ಲೂ ದಾನ ಬಂದು ಕುಳಿತಿದೆ. ಮೂರು ವಾರದ ನಂತರ ಒಂಬತ್ತು ವರ್ಷದ ಲೆಕ್ಕದ ಚೆಕ್ಕು ಬಂತು. ಅದರೊಂದಿಗಿದ್ದ ವೋಚರಿನ 'ವಿವರ' ಎಂಬ ಕಲಮಿನಲ್ಲಿ ಉಪದಾನ ಎಂದೂ ಬರೆದಿರಲಿಲ್ಲ, 'ಸಹಾಯಧನ' ಎಂದಿತ್ತು. ಪದಾಧಿಕಾರಿಗಳು ಅದನ್ನು ಹೊಡೆದು, 'ಗ್ರಾಚ್ಯುಟಿ, 9 ವರ್ಷ' ಎಂದು ತಿದ್ದಿಸಿದ ಮೇಲೆಯೇ ಅವಳಿಂದ ಸಹಿ ಹಾಕಿಸಿದರು.